ಇಪ್ಪತ್ತೈದು ಎಂದು ಬರೆದ ಚೀಟಿ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಟೆನಿಸ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿ ಐವತ್ತೇಳು ವರ್ಷದ ಹೆಂಗಸೊಬ್ಬರು ರಾಕೆಟ್ಟಿಗೆ ತಂತಿ ಬಿಗಿಯುತ್ತಿದ್ದಾರೆ.

ಕೋಣೆ ಎಂಟು ಅಡಿ ಅಗಲ, ಹತ್ತು ಅಡಿ ಉದ್ದ. ಪ್ರೇಕ್ಷಕರು ಹತ್ತುವ ಮೆಟ್ಟಿಲುಗಳೇ ಇದಕ್ಕೆ ಚಾವಣಿ. ಬಾಗಿಲಲ್ಲಿ ನೆಟ್ಟಗೆ ನಿಂತವರು ಒಳಗೆ ಹೋಗುತ್ತ ಹೋಗುತ್ತ ತಲೆ ತಗ್ಗಿಸಬೇಕು. ಮೇಜಿನ ಮೇಲೆ ತಂತಿ ಎಳೆಯುವ ಯಂತ್ರ, ಪಕ್ಕದಲ್ಲಿ ಆರಿದ ಚಹಾ. ಉದ್ದಕ್ಕೆ ಹದಿನಾರು ಎಳೆ, ಅಡ್ಡಕ್ಕೆ ಹತ್ತೊಂಬತ್ತು. ಅಡ್ಡ ಎಳೆ ಒಂದರ ಮೇಲೆ, ಇನ್ನೊಂದರ ಕೆಳಗೆ, ನೇಯ್ಗೆಯ ಹಾಗೆ. ಒಂದು ರಾಕೆಟ್ಟಿಗೆ ಹನ್ನೆರಡು ಮೀಟರ್ ತಂತಿ, ಮೂವತ್ತೆಂಟು ನಿಮಿಷ. ಕೊನೆಯ ಗಂಟು ಹಾಕಿದ ಮೇಲೆ ಅವರು ಅಂಗೈಯಿಂದ ತಂತಿಗಳನ್ನು ಒಮ್ಮೆ ತಟ್ಟಿ ಕಿವಿಗೊಡುತ್ತಾರೆ. ಸದ್ದು ಸರಿ ಬಂದರೆ ಎಷ್ಟು ಕಿಲೋ ಸೆಳೆತಕ್ಕೆ ಬಿಗಿದದ್ದು, ಯಾವ ತಾರೀಕು ಎಂದು ಚೀಟಿಯಲ್ಲಿ ಬರೆದು ಹಿಡಿಯ ಮೇಲೆ ಅಂಟಿಸುತ್ತಾರೆ.

"ರಾತ್ರಿ ಬಿಗಿದಿಟ್ರೆ ಬೆಳಿಗ್ಗೆ ಹೊತ್ತಿಗೆ ಸ್ವಲ್ಪ ಸಡಿಲ ಆಗಿರುತ್ತೆ. ಬೆಳಗಿನ ಆಟಕ್ಕೆ ಬೆಳಿಗ್ಗೇನೇ ಎದ್ದು ಬಿಗೀಬೇಕು. ನಿದ್ದೆ ಬೇಕು ಅನ್ನೋರಿಗೆ ಈ ಕೆಲಸ ಅಲ್ಲ" ಎನ್ನುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ತಂತಿ ಅಕ್ಕ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗ್ಯಾಲರಿ ಗುಡಿಸಲು ಬಂದವರು. ಆಗ ತಂತಿ ಹಾಕುತ್ತಿದ್ದ ಮುದುಕರಿಗೆ ಕಣ್ಣು ಮಂಜಾಗಿ ಅಡ್ಡ ಎಳೆ ತಪ್ಪುತ್ತಿತ್ತು. ಅಕ್ಕ ಪೊರಕೆ ಬದಿಗಿಟ್ಟು ಎಳೆ ಪೋಣಿಸಿಕೊಟ್ಟರು. ಹದಿನಾಲ್ಕು ತಿಂಗಳು ಹಾಗೆ ಪೋಣಿಸುತ್ತಲೇ ಕೆಲಸ ಕಲಿತರು. ದಿನಕ್ಕೆ ಎಂಟು ಎಂದು ಹಿಡಿದರೂ ಮೂವತ್ತಮೂರು ವರ್ಷದಲ್ಲಿ ಎಂಬತ್ತು ಸಾವಿರದ ಹತ್ತಿರ ರಾಕೆಟ್ಟುಗಳು ಈ ಕೈ ದಾಟಿವೆ. ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುವುದಿಲ್ಲ. ಬಲಗೈ ತೋರುಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ.

"ಆಫೀಸಲ್ಲಿ ಹಾಜರಿಗೆ ಬೆರಳು ಒತ್ತೋ ಯಂತ್ರ ತಂದ್ರು. ನಾನು ಒತ್ತಿದ್ರೆ ಅದು ನನ್ನನ್ನ ಒಪ್ಪೋದೇ ಇಲ್ಲ. ಮೂವತ್ತಮೂರು ವರ್ಷದಿಂದ ಗೈರುಹಾಜರಿ ನಾನು!"

ಗೆದ್ದವರ ಫೋಟೊಗಳಲ್ಲಿ ಅವರಿಲ್ಲ. ನಾಲ್ಕು ಬಾರಿ ದೇಶದ ಚಾಂಪಿಯನ್ ಆದ ಆಟಗಾರ ಹದಿನೇಳರ ಹುಡುಗನಾಗಿದ್ದಾಗಿನಿಂದ ಇಂದಿನವರೆಗೆ, ಹತ್ತೊಂಬತ್ತು ವರ್ಷ, ಇವರ ಕೈಯ ತಂತಿಯಲ್ಲೇ ಆಡಿದ್ದಾನೆ. ಇಷ್ಟು ವರ್ಷ ಅವನ ಅಂಕಿ ಒಂದೇ: ಇಪ್ಪತ್ತೈದು ಕಿಲೋ.

ಹನ್ನೊಂದು ತಿಂಗಳ ಹಿಂದೆ ಅವನ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಆಟ ಮುಗಿಯಿತೆಂದು ಹಲವರು ಬರೆದರು. ಏಳನೆಯ ತಿಂಗಳು ಅವನು ಅಭ್ಯಾಸಕ್ಕೆ ಇಳಿದ. ಕೆಲವು ದಿನ ಆಡಿದ ಮೇಲೆ, ಹಳೆಯ ತಂತಿ ಕತ್ತರಿಸಿ ಹೊಸದು ಹಾಕಲು ರಾಕೆಟ್ಟುಗಳು ಮತ್ತೆ ಈ ಮೇಜಿಗೆ ಬಂದವು.

ಹಳೆಯ ತಂತಿಯನ್ನು ಕತ್ತರಿಸುವ ಮೊದಲು ದೀಪಕ್ಕೆ ಹಿಡಿದು ನೋಡುವುದು ಅಕ್ಕನ ರೂಢಿ. ಚೆಂಡು ಬಡಿದ ಕಡೆ ಎಳೆಗಳು ಒಂದಕ್ಕೊಂದು ಉಜ್ಜಿ ಗೀರು ಬಿದ್ದಿರುತ್ತದೆ. ಚಾಂಪಿಯನ್ನನ ಗೀರು ಯಾವಾಗಲೂ ನಡುಮಧ್ಯದಲ್ಲಿ, ಒಂದು ನಾಣ್ಯದಷ್ಟು ಜಾಗದಲ್ಲಿ. ಈ ಸಲ ಅದು ತುದಿಯ ಕಡೆಗೆ ಹರಡಿತ್ತು.

"ಅರ್ಧ ಹೆಜ್ಜೆ ತಡ ಆಗ್ತಿದೆ ಅಂತ ಅರ್ಥ. ಕಾಲು ಚೆಂಡಿನ ಹತ್ರ ಹೋಗ್ತಿಲ್ಲ, ಕೈ ಮಾತ್ರ ಹೋಗ್ತಿದೆ. ಡಾಕ್ಟರಿಗೆ ಎಕ್ಸ್‌ರೇ ಫಿಲಂ ಬೇಕು, ನಂಗೆ ಇದು ಸಾಕು."

ಬಸ್ ಚಾಲಕರಾಗಿ ನಿವೃತ್ತರಾದ ಅವರ ಗಂಡ ಬಾಗಿಲಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತುತ್ತಾರೆ: "ನನ್ನ ಮೊಣಕಾಲು ನೋಯುತ್ತೆ ಅಂದ್ರೆ ಇವಳು ತಿರುಗಿಯೂ ನೋಡಲ್ಲ."

"ನಿಮ್ಮ ಮೊಣಕಾಲು ನೋಡೋಕೆ ಯಾರು ರೀ ಟಿಕೆಟ್ ತಗೊಂಡು ಬರ್ತಾರೆ?"

ತಂತಿ ಸಡಿಲವಾದಷ್ಟೂ ಚೆಂಡು ತಾನೇ ದೂರ ಚಿಮ್ಮುತ್ತದೆ. ಬಿಗಿಯಾದಷ್ಟೂ ಆಟಗಾರ ಬಲ ಹಾಕಬೇಕು. ಆ ಬಲ ಕಾಲಿನಿಂದ ಏಳಬೇಕು. ಅಕ್ಕ ಯಾರನ್ನೂ ಕೇಳದೆ ಯಂತ್ರದ ತಿರುಪನ್ನು ಅರ್ಧ ಕಿಲೋ ಇಳಿಸಿದರು. ಮುಂದಿನ ವಾರ ಇನ್ನರ್ಧ. ಐದನೆಯ ವಾರದ ಹೊತ್ತಿಗೆ ಬಿಗಿತ ಇಪ್ಪತ್ತಮೂರಕ್ಕೆ ಬಂದಿತ್ತು. ಚೀಟಿಯಲ್ಲಿ ಮಾತ್ರ ಪ್ರತಿ ಸಲವೂ ಇಪ್ಪತ್ತೈದು. ಮೂವತ್ತಮೂರು ವರ್ಷದಲ್ಲಿ ಅವರು ಬರೆದ ಮೊದಲ ಸುಳ್ಳು ಅದು.

"ಕಡಿಮೆ ಮಾಡ್ಲಾ ಅಂತ ಕೇಳಿದ್ರೆ ಅವನು ಒಪ್ತಿರ್ಲಿಲ್ಲ. ಆ ಅಂಕಿ ಅಂದ್ರೆ ಅವನಿಗೆ ಮರ್ಯಾದೆ. ಸ್ವಲ್ಪ ಧೈರ್ಯ ಬರ್ಲಿ, ಆಮೇಲೆ ನಿಧಾನಕ್ಕೆ ಏರಿಸೋಣ ಅಂದ್ಕೊಂಡೆ."

ಆರೇಳು ತಿಂಗಳ ಬಿಡುವಿನಲ್ಲಿ ಅವನ ಕೈಗೆ ಹಳೆಯ ಬಿಗಿತದ ನೆನಪು ಮಾಸಿತ್ತು. ಚೆಂಡುಗಳು ಮೊದಲಿನಂತೆ ಎದುರಿನ ಅಂಕಣದ ಹಿಂದಿನ ಗೆರೆಯ ಹತ್ತಿರ ಬೀಳತೊಡಗಿದವು. ಒಂದು ಬೆಳಿಗ್ಗೆ ಅವನು ತಲೆ ತಗ್ಗಿಸುವುದನ್ನೂ ಮರೆತು ಒಳಗೆ ನುಗ್ಗಿ, ಚಾವಣಿಗೆ ಹಣೆ ತಾಗಿಸಿಕೊಂಡು ನಕ್ಕ. "ಅಕ್ಕ, ಕಾಲು ವಾಪಸ್ ಬಂತು! ಅದೇ ಇಪ್ಪತ್ತೈದು, ಅದೇ ಹೊಡೆತ. ಐದು ಸೆಟ್ಟಿನ ಟೂರ್ನಿಗೇ ಹೆಸರು ಕೊಡ್ತೀನಿ. ಡಾಕ್ಟರು ಈ ವರ್ಷ ಮೂರೇ ಸೆಟ್ಟು ಅಂತಾರೆ, ಅವರಿಗೇನು ಗೊತ್ತು? ಸಂಜೆ ಮಾಡೋ ವ್ಯಾಯಾಮಾನೂ ನಿಲ್ಲಿಸಿದೀನಿ."

ಅಕ್ಕನ ಕೈಯ ಎಳೆ ಅಲ್ಲೇ ನಿಂತಿತು. ಮನೆಗೆ ಹೋಗಿ ಗಂಡನಿಗೆ ಹೇಳಿದರು. ಬ್ರೇಕ್ ಸರಿಯಿಲ್ಲದ ಬಸ್ಸಿಗೆ ಸರಿಯಿದೆ ಎಂದು ಬರೆದುಕೊಟ್ಟ ಹಾಗಾಯಿತು ಎಂದರು ಗಂಡ.

ಮರುದಿನ ಬೆಳಿಗ್ಗೆ ಅವರು ಎರಡು ರಾಕೆಟ್ಟುಗಳನ್ನು ಮೇಜಿನ ಮೇಲಿಟ್ಟು ಕಾದರು. ಅವನು ಬಂದಾಗ ಪೀಠಿಕೆ ಹಾಕಲಿಲ್ಲ.

"ಇದು ನಿಜವಾದ ಇಪ್ಪತ್ತೈದು. ಇದು ಇಷ್ಟು ದಿನ ನೀನು ಆಡ್ತಿದ್ದದ್ದು. ಇಪ್ಪತ್ತಮೂರು."

"ಚೀಟೀಲಿ ಇಪ್ಪತ್ತೈದು ಅಂತಿತ್ತಲ್ಲಕ್ಕ?"

"ಸುಳ್ಳು ಬರೆದಿದ್ದೆ."

ಅವನು ಮೊದಲನೆಯದನ್ನು ಎತ್ತಿಕೊಂಡು ಹೊರಟ. ಅಕ್ಕ ಹಿಂದೆಯೇ ಹೋಗಿ ಅಂಕಣದ ಬೇಲಿಗೆ ಒರಗಿ ನಿಂತರು. ಮೆಟ್ಟಿಲ ಕೆಳಗೆ ಕೂತವರಿಗೆ ಆಟದ ಸದ್ದು ಕೇಳಿ ಅಭ್ಯಾಸವೇ ಹೊರತು ನೋಡಿ ಅಲ್ಲ. ಅವನ ತರಬೇತುದಾರರು ಬುಟ್ಟಿಯಿಂದ ಒಂದೊಂದೇ ಚೆಂಡು ಹಾಕಿದರು. ನಲವತ್ತು ಹೊಡೆತ. ಹನ್ನೊಂದು ಬಲೆಗೆ ಬಿದ್ದವು. ದಾಟಿದವುಗಳಲ್ಲಿ ಹೆಚ್ಚಿನವು ಅಂಕಣದ ಅರ್ಧಕ್ಕೇ ಕುಸಿದವು.

ಅವನು ಬೇಲಿಯ ಹತ್ತಿರ ಬಂದ. "ಎಲ್ಲರೂ ನನ್ನ ಬೆನ್ನು ತಟ್ಟಿ ಸುಳ್ಳು ಹೇಳ್ತಾರೆ. ನೀವೂನಾ?"

"ತಪ್ಪಾಯ್ತು ಕಣಪ್ಪ. ನಿನ್ನ ಮುಖ ನೋಡಿ ಮಾಡ್ದೆ. ಕಾಲು ನೋಡಿ ಮಾಡಬೇಕಿತ್ತು."

ಒಂಬತ್ತು ದಿನ ಅವನು ಈ ಕೋಣೆಗೆ ಬರಲಿಲ್ಲ. ಊರಿನ ಇನ್ನೊಂದು ಅಂಗಡಿಯಲ್ಲಿ ತಂತಿ ಹಾಕಿಸುತ್ತಿದ್ದಾನೆ ಎಂದು ಯಾರೋ ಹೇಳಿದರು. ಅಕ್ಕ ದಿನಕ್ಕೆ ಎಂಟರಂತೆ ಬೇರೆಯವರ ರಾಕೆಟ್ಟು ಬಿಗಿದರು. ಅವನ ಚೀಲ ತೂಗುತ್ತಿದ್ದ ಮೊಳೆಗೆ ಬೇರೇನನ್ನೂ ತೂಗುಹಾಕಲಿಲ್ಲ. "ಬರ್ತಾನೆ ಬಿಡೇ" ಎಂದ ಗಂಡನಿಗೆ, "ಬರದೇ ಇದ್ರೂ ಸರಿ. ಆ ಐದು ಸೆಟ್ಟು ಆಡದೇ ಇದ್ರೆ ಸಾಕು" ಎಂದರು.

ಹತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವಾಗ ಚೀಲ ಹೊಸ್ತಿಲಲ್ಲಿತ್ತು. ಒಳಗೆ ಆರು ರಾಕೆಟ್ಟು. ಎಷ್ಟು ಬಿಗಿಯಬೇಕೆಂಬ ಚೀಟಿಗಳನ್ನು ಅವನೇ ಬರೆದು ಅಂಟಿಸಿದ್ದ. ಆರರಲ್ಲೂ ಇಪ್ಪತ್ತಮೂರು. ಮೂರು ಸೆಟ್ಟುಗಳ ಸಣ್ಣ ಟೂರ್ನಿಗೆ ಹೆಸರು ಕೊಟ್ಟಿದ್ದಾನೆ, ಸಂಜೆಯ ವ್ಯಾಯಾಮ ಮತ್ತೆ ಶುರುವಾಗಿದೆ ಎಂದು ತರಬೇತುದಾರರಿಂದ ತಿಳಿಯಿತು.

ಅವನು ಗೆಲ್ಲಬೇಕೆಂಬ ಆಸೆ ಇಲ್ಲವೇ ಎಂದು ಕೇಳಿದರೆ ಅಕ್ಕ ಎಳೆ ಪೋಣಿಸುವುದನ್ನು ನಿಲ್ಲಿಸುವುದಿಲ್ಲ. "ಗೆಲ್ಲೋದು ಅವನ ಕೆಲಸ. ಆಟ ಬಿಡೋ ದಿನ ಅವನೇ ಬಂದು ಹೇಳ್ಲಿ, ಕೊನೇ ರಾಕೆಟ್ಟಿಗೆ ಎಷ್ಟು ಬಿಗೀಬೇಕು ಅಂತ. ಚೀಟೀಲಿ ಎಷ್ಟಿದ್ಯೋ ಅಷ್ಟೇ ಬಿಗಿದಿರ್ತೀನಿ. ನಂಗೆ ಅಷ್ಟು ಸಾಕು."

ಟೂರ್ನಿ ಕಳೆದ ವಾರ ನಡೆಯಿತು. ಚಾಂಪಿಯನ್ ಮೊದಲ ಸುತ್ತು ಗೆದ್ದ. ಎರಡನೆಯ ಸುತ್ತಿನಲ್ಲಿ ತನಗಿಂತ ಹದಿನಾರು ವರ್ಷ ಕಿರಿಯ ಆಟಗಾರನೆದುರು ಎರಡು ಗಂಟೆ ಇಪ್ಪತ್ತಾರು ನಿಮಿಷ ಆಡಿ ಸೋತ. ಅಂಕಣದಿಂದ ನಡೆದೇ ಹೊರಬಂದ. ಮರುದಿನ ಬೆಳಿಗ್ಗೆ ಐದೂಕಾಲಕ್ಕೆ ಅಕ್ಕ ಅವನ ಆರು ರಾಕೆಟ್ಟುಗಳನ್ನು ದೀಪಕ್ಕೆ ಹಿಡಿದು ನೋಡಿದರು. ಎರಡರಲ್ಲಿ ಗೀರು ಮತ್ತೆ ನಡುಮಧ್ಯದಲ್ಲಿತ್ತು.