ಮಣ್ಣೂರ ಸಾಹೇಬರ ಕೇಳುಗರು

ಕೈಗೆ ಮೈಕ್ ಬಂದರೆ ಸಾಕು, ಮಣ್ಣೂರ ಸಾಹೇಬರ ಮುಖದ ಕಳೆಯೇ ಬದಲಾಗುತ್ತಿತ್ತು. ಅಲ್ಲಿಯವರೆಗೆ ಚಹಾ ಆರಿದೆ ಎಂದು ಗೊಣಗುತ್ತಿದ್ದ ಮನುಷ್ಯ ಒಮ್ಮೆಲೇ ಕಣ್ಣು ಅರೆಮುಚ್ಚಿ, ಹೊಟ್ಟೆಯಿಂದ ದನಿ ಎಳೆದು ತಂದು, “ಗೆಳೆಯರೇ” ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಶುರುಮಾಡಿ ಮರಾಠಿಗೆ ಹೊರಳುತ್ತಿದ್ದರು. ಸಭೆಯ ಕಣ್ಣಲ್ಲಿ ನೀರು ಬೇಕೆನಿಸಿದಾಗ ಕನ್ನಡಕ್ಕೆ ಬರುತ್ತಿದ್ದರು.

ಪುಣೆಯ ನಮ್ಮ ಸಣ್ಣ ರೇಡಿಯೊ ಕೇಂದ್ರಕ್ಕೆ ಅವರೇ ನಿರ್ದೇಶಕರು. ನಾನು ಅಲ್ಲಿ ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದೆ. ಪ್ರಸಾರ ಮಾಧ್ಯಮದ ಸಮ್ಮೇಳನ ಎಲ್ಲಿ ನಡೆದರೂ ಅವರದೊಂದು ಗೋಷ್ಠಿ ಇರಲೇಬೇಕು. ರೇಡಿಯೊದ ಭವಿಷ್ಯ, ಟೀವಿಯ ಭವಿಷ್ಯ, ಸುದ್ದಿಯ ಭವಿಷ್ಯ, ಎಲ್ಲದರ ಭವಿಷ್ಯವೂ ಅವರಿಗೆ ಗೊತ್ತಿತ್ತು. ಅವರು ರೇಡಿಯೊ ಕೇಳಿದ್ದನ್ನು ಮಾತ್ರ ನಾನು ಒಮ್ಮೆಯೂ ನೋಡಲಿಲ್ಲ. ಕಾರಿನಲ್ಲಿ ಡ್ರೈವರ್ ನಮ್ಮದೇ ಕೇಂದ್ರ ಹಚ್ಚಿದರೆ, “ಆ ಗದ್ದಲ ಬಂದ್ ಮಾಡೋ ಮಾರಾಯ” ಎನ್ನುತ್ತಿದ್ದರು.

ಒಮ್ಮೆ ‘ಆಲಿಸುವ ಕಲೆ’ ಎಂಬ ಗೋಷ್ಠಿಗೆ ಅವರನ್ನು ನಿರ್ವಾಹಕರನ್ನಾಗಿ ಮಾಡಿದ್ದರು. ಬೇರೆ ಊರುಗಳಿಂದ ವಿಮಾನ ಹತ್ತಿ ಬಂದಿದ್ದ ಭಾಷಣಕಾರರಿಗೆ ಕೊನೆಗೆ ಉಳಿದದ್ದು ವಂದನೆ ಹೇಳುವಷ್ಟು ಸಮಯ. ವೇದಿಕೆಯಿಂದ ಇಳಿದ ಮೇಲೆ ಸಾಹೇಬರು ನನಗೆ ಹೇಳಿದರು: “ಅವ್ರೂ ಇದನ್ನ ಹೇಳಾವ್ರಿದ್ರು ತಗೋರಿ. ನಾನೇ ಹೇಳಿಬಿಟ್ಟೆ, ಛಂದ ಆತು.”

ನಮ್ಮಲ್ಲಿ ರವಿವಾರ ಬೆಳಿಗ್ಗೆ ಕನ್ನಡದ ಕಾರ್ಯಕ್ರಮವೊಂದಿತ್ತು. ಶಾರದಾ ಅದನ್ನು ನಡೆಸುತ್ತಿದ್ದಳು. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಕೇಂದ್ರಕ್ಕೆ ಫೋನು ಮಾಡಿ ರೇಡಿಯೊ ಮೂಲಕ ತಮ್ಮವರಿಗೆ ಸುದ್ದಿ ಹೇಳುತ್ತಿದ್ದರು. ಜಾಹೀರಾತು ಬರುವುದಿಲ್ಲವೆಂದು ಸಾಹೇಬರು ಅದನ್ನು ನಿಲ್ಲಿಸಿದರು.

ನಿಂತದ್ದು ಗೊತ್ತಿಲ್ಲದೆ ಒಂದು ದಿನ ಸಾಬಮ್ಮ ಎಂಬ ಹೆಂಗಸು ಹಸುಗೂಸನ್ನು ಎತ್ತಿಕೊಂಡು ಕೇಂದ್ರಕ್ಕೇ ಬಂದಳು. ಪುಣೆಯ ಅಂಚಿನ ಧನಕವಡಿಯಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ಅವಳ ಕೆಲಸ. ಮೊಬೈಲ್ ಕಳುವಾಗಿತ್ತು, ಅಕ್ಕನ ನಂಬರು ಅದರಲ್ಲೇ ಹೋಗಿತ್ತು. ಊರಿನಲ್ಲಿ ಕೇಳೋಣವೆಂದರೆ ಅಲ್ಲಿ ಯಾರೂ ಉಳಿದಿರಲಿಲ್ಲ. ಅಕ್ಕ ಪುಣೆಯಾಚೆಯ ಭೋರ್ ಊರಿನ ಕಡೆ ಎಲ್ಲೋ ಕೆಲಸಕ್ಕಿದ್ದಾಳೆ, ರವಿವಾರ ರೇಡಿಯೊ ಕೇಳುತ್ತಾಳೆ ಎಂಬುದಷ್ಟೇ ಗೊತ್ತು. ಕಾರ್ಯಕ್ರಮ ಇಲ್ಲವೆಂದು ನಾನು ಹೇಳುವಷ್ಟರಲ್ಲಿ ಸಾಹೇಬರು ಹೊರಗೆ ಬಂದರು. ಅವಳನ್ನೂ ಕೂಸನ್ನೂ ನೋಡಿದರು. ಕಣ್ಣು ಹೊಳೆಯಿತು.

“ಬಾರವಾ, ಮಾತಾಡು. ನಾವು ಹಾಕ್ತೀವಿ” ಎಂದು ಅವರೇ ಸ್ಟುಡಿಯೊಗೆ ಕರೆದೊಯ್ದರು.

ಸಾಬಮ್ಮ ಮೈಕಿನ ಮುಂದೆ ಕೂತು ಹೇಳಿದಳು: “ಲಕ್ಷ್ಮಕ್ಕಾ, ನಾನು ಸಾಬಮ್ಮ ಮಾತಾಡ್ಲತ್ತೀನಿ. ಹೆಣ್ಣು ಕೂಸು ಹುಟ್ಯಾದ. ನಿನ್ನ ಮಾರಿನೇ ಬಂದದ. ಸೋಮವಾರ ನಾವು ನಾಸಿಕ್ ಹೊಂಟೀವಿ. ಅದ್ರೊಳಗ ಧನಕವಡಿಗಿ ಬಂದು ನೋಡಿ ಹೋಗು.”

ಸಾಹೇಬರು ಅವಳ ಫೋಟೊ ತೆಗೆಸಿದರು. ಅವಳ ಮಾತನ್ನು ಹಾಡುಗಳ ನಡುವೆ ಎಲ್ಲಾದರೂ ಹಾಕಬಹುದಲ್ಲ ಎಂದು ನಾನು ಮರುದಿನ ಕೇಳಿದೆ. “ತಡೀರಿ, ಅದಕ್ಕ ಬ್ಯಾರೆ ಉಪಯೋಗ ಅದ” ಎಂದರು.

ಉಪಯೋಗ ಶನಿವಾರ ತಿಳಿಯಿತು. ಪುಣೆಯ ಕ್ಯಾಂಪ್ ಬಡಾವಣೆಯ ದೊಡ್ಡ ಹೋಟೆಲಿನಲ್ಲಿ ಸಮ್ಮೇಳನ. ನಾನೂ ಶಾರದಾಳೂ ಹಿಂದಿನ ಸಾಲಿನಲ್ಲಿದ್ದೆವು. ಸಾಹೇಬರ ಹಿಂದೆ ಗೋಡೆಯಗಲಕ್ಕೆ ಸಾಬಮ್ಮನ ಫೋಟೊ ಬಂತು, ಆಮೇಲೆ ಅವಳ ದನಿ, ಕೆಳಗೆ ಇಂಗ್ಲಿಷ್ ಅನುವಾದ. “ಇದು ರೇಡಿಯೊದ ತಾಕತ್ತು ನೋಡ್ರಿ” ಎಂದು ಸಾಹೇಬರು ಕನ್ನಡಕ್ಕೆ ಬಂದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಚಾನೆಲ್ಲುಗಳ ಮುಖ್ಯಸ್ಥರು, ಜಾಹೀರಾತು ಕಂಪನಿಯವರು, ಸೂಟು ಹಾಕಿದ ಎಲ್ಲರೂ ಅವಳ ಕರೆ ಕೇಳಿದ್ದಾಯಿತು. ಲಕ್ಷ್ಮಕ್ಕನೊಬ್ಬಳು ಕೇಳಿರಲಿಲ್ಲ.

ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಶಾರದಾ ಎದ್ದಳು. “ಸರ್, ಇದು ಯಾವತ್ತು ಪ್ರಸಾರ ಆತ್ರಿ?”

“ಭಾಳ ಛಲೋ ಪ್ರಶ್ನೆ” ಎಂದರು ಸಾಹೇಬರು. “ಊಟದ ಹೊತ್ತಿನ್ಯಾಗ ಮಾತಾಡೂಣು.”

ಊಟದಲ್ಲಿ ಅವರ ಸುತ್ತ ಅಭಿನಂದಿಸುವವರ ಗುಂಪಿತ್ತು. ಶಾರದಾ ತಟ್ಟೆ ಕೆಳಗಿಟ್ಟಳು. “ನಾಳೆ ಭೋರ್‌ಗೆ ಹೋಗೂಣ ನಡಿ” ಎಂದಳು.

ರವಿವಾರ ಬಸ್ಸಿನಲ್ಲಿ ಹೋದೆವು. ಅಂದು ಭೋರಿನ ಪೇಟೆಯಲ್ಲಿ ಸಂತೆ, ಕಟ್ಟಡದ ಕೆಲಸದವರು ಬಹಳ ಜನ ಬಂದಿದ್ದರು. ಕನ್ನಡ ಕಿವಿಗೆ ಬಿದ್ದಲ್ಲೆಲ್ಲ ನಿಂತು ವಿಚಾರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಬಲ್ಲ ಗಾರೆ ಕೆಲಸದ ಗೌಂಡಿಯೊಬ್ಬ ಊರಾಚೆ ಕಟ್ಟುತ್ತಿದ್ದ ಬಂಗಲೆಗೆ ಕರೆದೊಯ್ದ. ಲಕ್ಷ್ಮಕ್ಕ ಉಸುಕು ಸೋಸುತ್ತಿದ್ದಳು. ನನ್ನ ಮೊಬೈಲಿನಲ್ಲಿ ತಂಗಿಯ ದನಿ ಕೇಳಿಸಿದೆ. ಅವಳು ಪೂರ್ತಿ ಕೇಳಿದಳು, ಕೈಕಾಲು ತೊಳೆದುಕೊಂಡಳು. “ಬಸ್ಸು ಎಷ್ಟೊತ್ತಿಗದ ಅಕ್ಕಾರ?” ಎಂದಳು. ಅಂದೇ ಸಂಜೆ ಧನಕವಡಿಯ ತಗಡಿನ ಶೆಡ್ಡಿನ ಮುಂದೆ ಕೂಸು ಅವಳ ತೊಡೆಯ ಮೇಲಿತ್ತು. ಅಕ್ಕತಂಗಿಯರು ಅಳುವುದನ್ನು ನೋಡುತ್ತ ನಿಲ್ಲುವುದು ಸರಿಯಲ್ಲವೆನಿಸಿ ನಾವು ರಸ್ತೆಗೆ ಬಂದೆವು.

ಸಾಹೇಬರಿಗೆ ಸುದ್ದಿ ಮುಟ್ಟಿತು. ವಾರದ ನಡುವೆ ಕೋಣೆಗೆ ಕರೆಸಿ, “ಭಾಳ ದೊಡ್ಡ ಕೆಲಸ ಮಾಡೀರಿ. ವಿಡಿಯೊ ತಗದೀರಲ್ಲ?” ಎಂದರು.

“ಇಲ್ರೀ.”

ಅವರ ಮುಖದಲ್ಲಿ ನಿಜವಾದ ದುಃಖವನ್ನು ನಾನು ಕಂಡದ್ದು ಅದೊಂದೇ ಸಲ. “ಏನ್ರೀ ಇದು” ಎಂದರು. ಆಮೇಲೆ ನನ್ನ ಕಡೆ ಬಾಗಿ, ವೇದಿಕೆಯ ಮೇಲಿನ ಆ ದನಿಯಲ್ಲೇ ಕೇಳಿದರು: “ಅವ್ರಿಬ್ರನ್ನ ಇನ್ನೊಮ್ಮೆ ಭೆಟ್ಟಿ ಮಾಡಸಾಕ ಬರ್ತದೇನ್ರೀ? ಮುಂದಿನ ಸಮ್ಮೇಳನ ದಿಲ್ಲಿಯೊಳಗ ಅದ.”

ನಾನು ಕುರ್ಚಿಯಿಂದ ಎದ್ದು ಸ್ಟುಡಿಯೊದ ಕೀಲಿಯನ್ನು ಅವರ ಮೇಜಿನ ಮೇಲಿಟ್ಟೆ. ರಾಜೀನಾಮೆ ಎಂದು ಅವರಿಗೆ ಅರ್ಥವಾಗುವ ಹೊತ್ತಿಗೆ ಬಾಗಿಲು ದಾಟಿದ್ದೆ. ಅವರನ್ನು ಮತ್ತೆ ನೋಡಲಿಲ್ಲ.