ಅರಸೀಕೆರೆಯಿಂದ ಬೇಲೂರಿಗೆ ನಾಲ್ಕು ನಿಮಿಷ

ಅರಸೀಕೆರೆಯಿಂದ ಬೇಲೂರಿಗೆ ವಿಮಾನದಲ್ಲಿ ನಾಲ್ಕು ನಿಮಿಷ ಸಾಕಂತೆ. ಎರಡು ಊರಲ್ಲೂ ವಿಮಾನ ಇಳಿಯುವ ಜಾಗವೇ ಇಲ್ಲವೆಂದು ಆ ಲೆಕ್ಕ ಹಾಕಿದ ವೆಬ್‌ಸೈಟಿಗೆ ಯಾರೂ ಹೇಳಿದಂತಿರಲಿಲ್ಲ. ರಸ್ತೆಯ ದೂರ ಹುಡುಕಲು ಹೋಗಿ ಸಿಕ್ಕಿದ ಆ ಪುಟವನ್ನು, ಕಾರು ಹೊರಡಿಸುವ ಮುಂಚೆ, ಹಿಂದಿನ ಸೀಟಿನಲ್ಲಿದ್ದ ಸೋದರತ್ತೆಗೆ ಓದಿ ಹೇಳಿದೆ. ಮಂಡಿನೋವಿನ ಅತ್ತೆಯನ್ನು ಬೇಲೂರಿನಲ್ಲಿರುವ ಅವರ ಮಗಳ ಮನೆಗೆ ಬಿಟ್ಟುಬರುವುದು ಅಂದಿನ ನನ್ನ ಕೆಲಸ.

“ನಾಲ್ಕೇ ನಿಮಿಷಾನಾ? ಕೂತು ಸೆರಗು ಸರಿ ಮಾಡ್ಕೊಳೋಷ್ಟರಲ್ಲಿ ಇಳೀರಿ ಅಂತಾರಲ್ಲೋ!” ಎಂದರು ಅತ್ತೆ.

ದಾರಿಯುದ್ದಕ್ಕೂ ಅದೇ ತಮಾಷೆ. ಬಾಣಾವರ ದಾಟುವಾಗ, ವಿಮಾನವಾಗಿದ್ದರೆ ಇಷ್ಟುಹೊತ್ತಿಗೆ ಮಗಳ ಮನೆಯ ಕಾಫಿ ಮುಗಿದಿರುತ್ತಿತ್ತು ಎಂದೆ. ಜಾವಗಲ್ ದಾಟುವಾಗ ಊಟವೂ ಮುಗಿದಿತ್ತು. ಹೀಗೆ ಇಲ್ಲದ ವಿಮಾನದ ಜೊತೆ ಪೈಪೋಟಿಗೆ ಬಿದ್ದವನಿಗೆ, ಹಳೇಬೀಡಿನ ಈಚೆ ರಸ್ತೆಯ ಮೇಲೆ ಹರಡಿದ್ದ ಹುರುಳಿ ಕಂಡರೂ ನಿಧಾನಿಸಬೇಕು ಅನ್ನಿಸಲಿಲ್ಲ. ನಮ್ಮ ಕಡೆ ಇದು ಹೊಸದಲ್ಲ. ಕಿತ್ತ ಹುರುಳಿಯನ್ನು ಡಾಂಬರಿನ ಮೇಲೆ ಹಾಸಿದರೆ ಹೋಗಿಬರುವ ವಾಹನಗಳೇ ಒಕ್ಕಿಕೊಡುತ್ತವೆ. ಒಣಬಳ್ಳಿ ಚಕ್ರದ ಅಚ್ಚಿಗೆ ಸುತ್ತಿಕೊಂಡರೆ ಬೆಂಕಿ ಹೊತ್ತಿಕೊಳ್ಳುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಇಂಜಿನಿಯರಿಂಗ್ ಓದಿದ ನನಗೆ, ಯಾಕೆ ಹೊತ್ತಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು.

“ಮೆತ್ತಗೆ ಹೋಗೋ, ಹುರುಳಿ ಐತೆ.”

“ಮೇಲೆ ಹಾರಿಸ್ಕೊಂಡು ಹೋಗ್ತೀನಿ, ಸುಮ್ನಿರಿ ಅತ್ತೆ.”

ಸ್ವಲ್ಪ ಮುಂದೆ, “ಏನೋ ಸೀದ ವಾಸನೆ ಕಣೋ” ಎಂದರು. ಯಾರೋ ಹುರುಳಿ ಸಾರಿಗೆ ಒಗ್ಗರಣೆ ಹಾಕ್ತಿರಬೇಕು ಎಂದೆ. ಆಗಲೇ ರಸ್ತೆಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕೂಗಿದಳು: “ಅಯ್ಯೋ ನಿಲ್ಸಣ್ಣೋ, ಕೆಳಗೆ ಬೆಂಕಿ ಹತ್ತೈತೆ!”

ನಿಲ್ಲಿಸಿದೆ. ಬಾನೆಟ್ಟಿನ ಅಂಚಿನಿಂದ ಹೊಗೆ ಎದ್ದಿತು. ಅಲ್ಲಿಂದ ಮುಂದಿನದನ್ನು ದಿನಕ್ಕೆ ಹತ್ತು ಸಲವಾದರೂ ನೋಡುತ್ತೇನೆ. ನನ್ನ ಬಾಗಿಲು ತೆರೆಯುತ್ತದೆ. ಓಡುತ್ತೇನೆ. ಹುಣಸೆಮರದ ಹತ್ತಿರ ನಿಂತು ತಿರುಗುತ್ತೇನೆ. ಹಿಂದಿನ ಗಾಜನ್ನು ಅತ್ತೆಯ ಅಂಗೈ ಬಡಿಯುತ್ತಿದೆ. ನನ್ನ ಮಗಳು ಚಿಕ್ಕವಳಿದ್ದಾಗ, ಒಳಗಿನಿಂದ ತೆರೆಯದಂತೆ ಆ ಬಾಗಿಲಿಗೆ ಲಾಕ್ ಹಾಕಿಟ್ಟವನು ನಾನೇ, ಅವಳೀಗ ಹೈಸ್ಕೂಲು. ಕಾರಿನಿಂದ ಮರಕ್ಕೆ ಎಷ್ಟು ಮಾರು? ಎಷ್ಟು ಸೆಕೆಂಡು? ಅಷ್ಟು ಚುರುಕಾಗಿ ಓಡಿದ ಕಾಲು ವಾಪಸು ಯಾಕೆ ಏಳಲಿಲ್ಲ? ಮೊರ ಬಿಸಾಕಿ ಬಂದ ಆ ಹೆಂಗಸೇ ಬಾಗಿಲು ತೆಗೆದು, ಅತ್ತೆಯ ಕಂಕುಳಿಗೆ ಕೈಹಾಕಿ ಹೊರಗೆಳೆದಳು. ಆಮೇಲೆ ಜನ ಬಂದರು, ಬಿಂದಿಗೆಯಲ್ಲಿ ನೀರು ಬಂತು, ಬೆಂಕಿ ಆರಿತು.

ಉಳಿದ ದಾರಿಗೆ ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ ಕೂತು ಸೆರಗು ಸರಿ ಮಾಡಿಕೊಂಡರು. ಬೇಲೂರಿನಲ್ಲಿ ಅವರ ಮಗಳು ಗಾಬರಿಯಿಂದ ಏನಾಯಿತೆಂದು ಕೇಳಿದಾಗ, ಸೀರೆಗೆ ಅಂಟಿದ್ದ ಹೊಟ್ಟು ಕೊಡವುತ್ತ ಹೇಳಿದರು: “ಇವ್ನೇ ಕಣೇ ಬಾಗ್ಲು ತೆಗ್ದು ಎಳ್ಕೊಂಡಿದ್ದು. ಇಲ್ದಿದ್ರೆ ನಾನೆಲ್ಲಿರ್ತಿದ್ದೆ?”

ಆಕೆ ನನ್ನ ಕೈಹಿಡಿದು ಅತ್ತಳು. ನಾನು ಅತ್ತೆಯ ಮುಖ ನೋಡಿದೆ. ಅವರು ಮಂಡಿ ನೀವಿಕೊಳ್ಳುತ್ತಿದ್ದರು. “ಇರಲಿ ಬಿಡು” ಎಂದೆ. ಅಷ್ಟು ವಿನಯ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

ಈಗ ನೆಂಟರ ಮನೆಗೆ ಹೋದರೆ, ಎಲ್ಲಿ, ಕೈ ತೋರಿಸು, ಎಲ್ಲಿ ಸುಟ್ಟಿತ್ತು ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮುಂಚೆಯೇ ಅತ್ತೆ ಹೇಳಿಬಿಡುತ್ತಾರೆ: “ಮಾಯ್ದೋಗೈತೆ ಬಿಡ್ರಿ.”