ಆಂಟೆನಾದ ಮೇಲೆ ಶಾವಿಗೆ

ಮಾನ್ವಿಯ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಒಂದು ಆಂಟೆನಾ ನಿಲ್ಲಿಸಿದ್ದೆ. ಉದ್ದನೆಯ ಕೋಲು, ಅದಕ್ಕೆ ಅಡ್ಡಡ್ಡ ಅಲ್ಯೂಮಿನಿಯಂ ಕಡ್ಡಿಗಳು. ಸೂರ್ಯನಲ್ಲಿ ಸ್ಫೋಟವಾದಾಗ ಹೊಮ್ಮುವ ರೇಡಿಯೋ ಅಲೆಗಳನ್ನು ಅದು ಹಿಡಿಯುತ್ತದೆ. ಅದೃಷ್ಟವಿದ್ದರೆ ಆ ಅಲೆ ಕಂಪ್ಯೂಟರಿನಲ್ಲಿ ಜೋಡಿ ಗೆರೆಯಾಗಿ ಮೂಡುತ್ತದೆ. ಗೆರೆಗಳ ನಡುವಿನ ಅಂತರದಿಂದ ಸೂರ್ಯನ ಹೊರ ಆವರಣವಾದ ಕರೋನಾದ ಕಾಂತಕ್ಷೇತ್ರವನ್ನು ಲೆಕ್ಕ ಹಾಕಬಹುದು. ಬೇಸಿಗೆ ಮುಗಿಯುವುದರೊಳಗೆ ಒಂದಾದರೂ ಸ್ವಚ್ಛ ಜೋಡಿ ಸಿಗದಿದ್ದರೆ ಆಂಟೆನಾ ಬಿಚ್ಚಿಟ್ಟು, ಬೇರೆಯವರ ದಾಖಲೆ ಇಟ್ಟುಕೊಂಡು ಪಿಎಚ್‌ಡಿ ಮುಗಿಸು ಎಂದು ರಾಯಚೂರಿನ ನನ್ನ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ನನಗೋ, ನನ್ನ ಸೂರ್ಯನನ್ನು ನಾನೇ ಹಿಡಿಯಬೇಕೆಂಬ ಹಟ.

ರಂಜಾನ್ ತಿಂಗಳ ಒಂದು ಬೆಳಿಗ್ಗೆ ಮೇಲೆ ಹೋದರೆ ಕಡ್ಡಿಗಳ ತುಂಬ ಹಸಿ ಶಾವಿಗೆ ಜೋತಾಡುತ್ತಿತ್ತು. ಮನೆಯೊಡತಿ ಖಾಲಾ ಹಬ್ಬಕ್ಕೆ ಶಾವಿಗೆ ಒತ್ತಿ ಕವಿತಾಳದವರೆಗೂ ಮಾರುವವರು. ಇಷ್ಟು ಚಲೋ ಕಡ್ಡಿ ಖಾಲಿ ನಿಂತಿದ್ದವಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು, ಜೊತೆಗೆ ನಗುವೂ ಬಂತು.

ಶಾವಿಗೆ ತೆಗೆದರೂ ಪರದೆಯ ಮೇಲೆ ಬರೀ ಗದ್ದಲ. ಹುಡುಕಿದರೆ, ಕೆಳಗೆ ಅವರ ಶಾವಿಗೆ ಯಂತ್ರದ ಹಳೇ ಮೋಟಾರು ಕಿಡಿ ಕಾರುತ್ತಿತ್ತು; ಆ ಕಿಡಿಯ ಅಲೆಗಳನ್ನೇ ಆಂಟೆನಾ ಹಿಡಿಯುತ್ತಿತ್ತು. ಹಗಲು ನಿಲ್ಲಿಸಲು ಬೇಡಿಕೊಂಡೆ.

"ನಿನ್ನ ಸೂರ್ಯ ಹಬ್ಬ ಆದಮ್ಯಾಲೂ ಇರ್ತಾನ," ಎಂದರು ಖಾಲಾ. "ನನ್ನ ಶಾವಿಗಿ ಆಮ್ಯಾಲ ಯಾರು ಕೇಳ್ತಾರ?"

ಮೂಲೆಯಲ್ಲಿ ಕೈಯಿಂದ ತಿರುಗಿಸುವ ಹಳೆಯ ಯಂತ್ರವೊಂದಿತ್ತು, ಅದನ್ನು ತೋರಿಸಿದೆ. ಉಪವಾಸದಲ್ಲಿ ತಮ್ಮಿಂದ ಅದು ಆಗದು, ಬೇಕಿದ್ದರೆ ನೀನೇ ತಿರುವು ಎಂದರು. ಮರುದಿನದಿಂದ ಬಿಸಿಲು ಏರಿದ ಮೇಲೆ ಮೋಟಾರು ಬಂದ್. ಖಾಲಾ ಹಿಟ್ಟು ತುಂಬುವುದು, ನಾನು ತಿರುವುವುದು. ಭುಜ ಬಿದ್ದುಹೋದವು. ನಿನ್ನ ಸಂಶೋಧನೆಯೆಲ್ಲ ಹಿಡಿಕೆಗೆ ಬಂದು ನಿಂತಿತಲ್ಲ ಎಂದು ಅವರು ದಿನಾ ಕಿಚಾಯಿಸುತ್ತಿದ್ದರು.

ಹಬ್ಬ ಹತ್ತಿರವಾದಾಗ ಒಂದು ಮಧ್ಯಾಹ್ನ, ಕೆಲಸ ಮುಗಿಸಿ ಪರದೆ ನೋಡಿದೆ. ನಾನು ಬೆವರು ಸುರಿಸುತ್ತ ಹಿಡಿಕೆ ತಿರುವುತ್ತಿದ್ದ ಹೊತ್ತಿನಲ್ಲೇ ಎರಡು ಗೆರೆಗಳು ಅಕ್ಕಪಕ್ಕ ಇಳಿದುಹೋಗಿದ್ದವು, ಒಂದು ಕಲೆಯೂ ಇಲ್ಲದೆ. ಖುಷಿಗೆ ಹಿಟ್ಟಿನ ಕೈಯಲ್ಲೇ ಖಾಲಾರನ್ನು ಎಳೆದು ತಂದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಎಳೆ ಎಲ್ಲೂ ಹರಿದಿಲ್ಲ ಎಂದು ಮೆಚ್ಚಿಕೊಂಡರು. ಆಂಟೆನಾ ಬಿಚ್ಚಬೇಡ ಎಂದು ಮಾರ್ಗದರ್ಶಕರೂ ಫೋನಿನಲ್ಲಿ ಹೇಳಿದರು.

ಆ ಸಂಜೆ ಮಾಳಿಗೆಯ ಮೇಲೆ ಒಣಹಾಕುವ ಹಗ್ಗಗಳೆಲ್ಲ ತುಂಬಿ ಶಾವಿಗೆ ಉಳಿದಿತ್ತು. ಖಾಲಾ ಅದನ್ನು ಹಿಡಿದು ಆಂಟೆನಾದಿಂದ ದೂರವೇ ನಿಂತಿದ್ದರು. ನಾನೇ ಇಸಿದುಕೊಂಡು ಕಡ್ಡಿಗಳ ಮೇಲೆ ಹರವತೊಡಗಿದೆ.

"ನನ್ನ ಸೂರ್ಯ ಬರೋದ್ರೊಳಗ ತೆಗದ್ರ ಸಾಕ್ರಿ," ಎಂದೆ.

"ನಿನ್ನವನ್ಯಾಕ?" ಎಂದರು ಖಾಲಾ, ಇನ್ನೊಂದು ಎಳೆ ಕೊಡುತ್ತ. "ನಮ್ಮವ ಅನ್ನು."